ದೇವರ ಮಡಿಲಿಗೆ ಹಾಕಿದ ಮಕ್ಕಳು

ಹಳ್ಳಿಯ ಶಾಲೆಗಳ ಹಳೆಯ ಹಾಜರಿ ಪುಸ್ತಕಗಳನ್ನು ತೆರೆದರೆ ಕೆಲವು ವಿಚಿತ್ರ ಹೆಸರುಗಳು ಕಾಣುತ್ತವೆ. ತಿಪ್ಪಯ್ಯ, ತಿಪ್ಪವ್ವ, ಗುಂಡಪ್ಪ, ಫಕೀರಪ್ಪ, ಹುಸೇನಪ್ಪ. ತೆಲುಗು ಸೀಮೆಯಲ್ಲಿ ಪೆಂಟಯ್ಯ, ತಮಿಳು ನಾಡಿನಲ್ಲಿ ಕುಪ್ಪುಸ್ವಾಮಿ ಮತ್ತು ಪಿಚ್ಚೈ, ಬಂಗಾಳದಲ್ಲಿ ತಿನ್‌ಕೋಡಿ ಮತ್ತು ಪಾಂಚ್‌ಕೋಡಿ. ತಿಪ್ಪೆ, ಪೆಂಟ, ಕುಪ್ಪೆ ಎಲ್ಲವೂ ಕಸದ ರಾಶಿಯೇ. ಪಿಚ್ಚೈ ಎಂದರೆ ಭಿಕ್ಷೆ. ತಿನ್‌ಕೋಡಿ ಎಂದರೆ ಮೂರು ಕವಡೆಗೆ ಮಾರಿದವನು. ಹೆತ್ತ ಮಗುವಿಗೆ ಯಾರಾದರೂ ಇಂಥ ಹೆಸರಿಡುತ್ತಾರೆಯೇ ಎಂದು ಇಂದಿನ ಓದುಗರಿಗೆ ಅನ್ನಿಸಬಹುದು. ಆದರೆ ಅತಿಯಾಗಿ ಪ್ರೀತಿಸಿದ ಮಕ್ಕಳಿಗೇ ಇಂಥ ಹೆಸರು ಇಡುತ್ತಿದ್ದರು ಎಂಬುದು ಗಮನಿಸಬೇಕಾದ ಸಂಗತಿ.

ಕಾರಣ ಸರಳ. ಒಂದು ಶತಮಾನದ ಹಿಂದೆ ನಮ್ಮ ದೇಶದಲ್ಲಿ ಹುಟ್ಟಿದ ಐದು ಮಕ್ಕಳಲ್ಲಿ ಸುಮಾರು ಒಂದು ಮಗು ಮೊದಲ ವರ್ಷ ದಾಟುತ್ತಿರಲಿಲ್ಲ. ಸಿಡುಬು, ಕಾಲರಾ, ಬಾಣಂತಿಕೋಣೆಯ ನಂಜು, ಹೆಸರೇ ಗೊತ್ತಿಲ್ಲದ ಜ್ವರ ಇವುಗಳ ನಡುವೆ ಎರಡು ಮೂರು ಮಕ್ಕಳನ್ನು ಕಳೆದುಕೊಂಡ ತಾಯಿಗೆ ಮುಂದಿನ ಮಗುವನ್ನು 'ನನ್ನದು' ಎನ್ನುವುದಕ್ಕೇ ಭಯ. 'ನನ್ನದು' ಎಂದೊಡನೆ ವಿಧಿಯ ಕಣ್ಣು ಬೀಳುತ್ತದೆ ಎಂಬ ನಂಬಿಕೆ. ಆದ್ದರಿಂದ ಹುಟ್ಟಿದ ಕೂಸನ್ನು ಮೊರದಲ್ಲಿಟ್ಟು ತಿಪ್ಪೆಯ ಮೇಲೆ ಮಲಗಿಸುವುದು, ನೆರೆಯ ಹೆಂಗಸು ಬಂದು 'ಇದಾರ ಕೂಸು?' ಎಂದು ಎತ್ತಿಕೊಳ್ಳುವುದು, ಅವಳಿಗೆ ಒಂದು ಹಿಡಿ ತವುಡನ್ನೋ ಕೆಲವು ಕಾಸನ್ನೋ ಕೊಟ್ಟು ಹೆತ್ತವಳೇ ಅದನ್ನು ಕೊಂಡುಕೊಳ್ಳುವುದು ದಕ್ಷಿಣ ಭಾರತದ ಹಲವೆಡೆ ರೂಢಿಯಲ್ಲಿತ್ತು. ಚೈತನ್ಯ ಮಹಾಪ್ರಭುವಿನ ಬಾಲ್ಯದ ಹೆಸರು ನಿಮಾಯಿ. ಹಲವು ಮಕ್ಕಳನ್ನು ಕಳೆದುಕೊಂಡ ಮೇಲೆ ಹುಟ್ಟಿದ ಈ ಮಗು ಸಾವಿನ ಬಾಯಿಗೆ ಬೇವಿನಂತೆ ಕಹಿಯಾಗಲಿ ಎಂದು ಹಾಗೆ ಕರೆದರೆಂದು ಹೇಳುತ್ತಾರೆ.

ಇದರ ಇನ್ನೊಂದು ರೂಪವೇ ದೇವರಿಗೆ ಬಿಡುವುದು. ಮಗು ಉಳಿದರೆ ನಿನ್ನ ಹೆಸರಿಡುತ್ತೇವೆ, ನಿನ್ನ ಗುಡಿಗೆ ಕರೆತಂದು ತಲೆಗೂದಲು ಕೊಡುತ್ತೇವೆ, ಮಗುವಿನ ತೂಕದ ಬೆಲ್ಲವನ್ನೋ ಬಾಳೆಹಣ್ಣನ್ನೋ ಒಪ್ಪಿಸುತ್ತೇವೆ ಎಂದು ಹರಕೆ. ತಿರುಪತಿಯ ಮುಡಿ, ಉಡುಪಿ ಧರ್ಮಸ್ಥಳಗಳ ತುಲಾಭಾರ, ಉತ್ತರ ಕರ್ನಾಟಕದ ದರ್ಗಾಗಳಲ್ಲಿ ಹಿಂದೂ ಮಕ್ಕಳಿಗೆ ಹಾಕುವ ಫಕೀರನ ವೇಷ, ಎಲ್ಲದರ ಹಿಂದೆಯೂ ಇರುವ ತರ್ಕ ಒಂದೇ. ಈ ಮಗು ನಮ್ಮದಲ್ಲ, ನಿನ್ನದು. ನಿನ್ನದನ್ನು ನೀನೇ ಕಾಪಾಡಿಕೋ.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಈ ಎಲ್ಲ ಆಚರಣೆಗಳಲ್ಲೂ ಕೊಟ್ಟ ಮಗು ಮರಳಿ ಮನೆಗೆ ಬರುತ್ತದೆ. ಕೂದಲು ಹೋಗುತ್ತದೆ, ಬೆಲ್ಲ ಹೋಗುತ್ತದೆ, ಮಗು ಉಳಿಯುತ್ತದೆ. ಯೆಹೂದ್ಯರ ಧರ್ಮಶಾಸ್ತ್ರದಲ್ಲೂ ಇಂಥದೇ ವ್ಯವಸ್ಥೆಯಿದೆ. ಚೊಚ್ಚಲ ಗಂಡುಮಗು ದೇವರ ಸೊತ್ತು. ಒಂದು ತಿಂಗಳು ತುಂಬಿದ ಮೇಲೆ ತಂದೆ ಐದು ಬೆಳ್ಳಿಯ ನಾಣ್ಯ ಕೊಟ್ಟು ಅದನ್ನು ಬಿಡಿಸಿಕೊಳ್ಳಬೇಕು. ದೇವರ ಹಕ್ಕನ್ನು ಒಪ್ಪಿಕೊಂಡಂತೆಯೂ ಆಯಿತು, ಮಗುವನ್ನು ಉಳಿಸಿಕೊಂಡಂತೆಯೂ ಆಯಿತು. ಮನುಷ್ಯ ತನಗೆ ಅತ್ಯಂತ ಪ್ರಿಯವಾದುದನ್ನು ದೇವರ ಕೈಗಿಡುವಾಗ ಕಂಡುಕೊಂಡ ಸೌಮ್ಯವಾದ ಉಪಾಯವಿದು.

ಆದರೆ ಎಲ್ಲ ಕಾಲದಲ್ಲೂ, ಎಲ್ಲ ಹರಕೆಗಳೂ ಇಷ್ಟಕ್ಕೇ ಮುಗಿದಿಲ್ಲ. ಕೊಟ್ಟ ಮಗುವನ್ನು ಮರಳಿ ಪಡೆಯದೆ ಬಿಟ್ಟವರೂ ಇದ್ದಾರೆ. ಅವರ ಚರಿತ್ರೆಯನ್ನು ನೋಡಿದಾಗ ಒಂದು ಕಠಿಣ ಪ್ರಶ್ನೆ ಏಳುತ್ತದೆ. ಕೊಡುವವರು ತಂದೆತಾಯಿ, ಪಡೆಯುವವನು ದೇವರು. ನಡುವೆ ಇರುವ ಮಗುವನ್ನು ಕೇಳಿದವರು ಯಾರು?

ಶುನಃಶೇಪನ ನಿರಾಕರಣೆ

ಈ ಪ್ರಶ್ನೆ ಹೊಸದಲ್ಲ. ಐತರೇಯ ಬ್ರಾಹ್ಮಣದಲ್ಲಿ ಬರುವ ಹರಿಶ್ಚಂದ್ರನ ಕಥೆ ಇದನ್ನೇ ಎತ್ತುತ್ತದೆ. ಇದು ಸತ್ಯಕ್ಕಾಗಿ ಹೆಂಡತಿ ಮಗನನ್ನು ಮಾರಿದ, ನಾಟಕಗಳಿಂದ ಮನೆಮಾತಾದ ಹರಿಶ್ಚಂದ್ರನ ಕಥೆಯಲ್ಲ. ಇಲ್ಲಿನ ಹರಿಶ್ಚಂದ್ರ ಮಕ್ಕಳಿಲ್ಲದ ರಾಜ. ಮಗ ಹುಟ್ಟಿದರೆ ಅವನನ್ನೇ ನಿನಗೆ ಬಲಿ ಕೊಡುತ್ತೇನೆ ಎಂದು ವರುಣನಿಗೆ ಹರಕೆ ಹೊರುತ್ತಾನೆ. ರೋಹಿತ ಹುಟ್ಟುತ್ತಾನೆ. ವರುಣ ಕೇಳಿದಾಗಲೆಲ್ಲ ರಾಜ ಮುಂದೂಡುತ್ತಾನೆ. ಹತ್ತು ದಿನ ಕಳೆಯಲಿ, ಹಲ್ಲು ಬರಲಿ, ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರಲಿ, ಬಿಲ್ಲು ಹಿಡಿಯುವಂತಾಗಲಿ. ಕೊನೆಗೆ ಮಗನಿಗೆ ವಿಷಯ ತಿಳಿಸಿದಾಗ ಅವನು ಬಿಲ್ಲು ಹಿಡಿದು ಕಾಡಿಗೆ ಹೊರಟುಹೋಗುತ್ತಾನೆ.

ಕಾಡಿನಲ್ಲಿ ರೋಹಿತನಿಗೆ ಹಸಿವಿನಿಂದ ಕಂಗೆಟ್ಟ ಅಜೀಗರ್ತನೆಂಬ ಬ್ರಾಹ್ಮಣನ ಕುಟುಂಬ ಸಿಗುತ್ತದೆ. ಅಜೀಗರ್ತನಿಗೆ ಮೂವರು ಗಂಡುಮಕ್ಕಳು. ನೂರು ಹಸುಗಳಿಗೆ ಒಬ್ಬನನ್ನು ಕೊಡು ಎಂದಾಗ ತಂದೆ ಹಿರಿಯವನನ್ನು ಹಿಡಿದುಕೊಳ್ಳುತ್ತಾನೆ, ತಾಯಿ ಕಿರಿಯವನನ್ನು ತಬ್ಬಿಕೊಳ್ಳುತ್ತಾಳೆ. ನಡುವಿನ ಶುನಃಶೇಪ ಉಳಿಯುತ್ತಾನೆ. ಯಜ್ಞದಲ್ಲಿ ಅವನನ್ನು ಕಂಬಕ್ಕೆ ಕಟ್ಟುವವರು ಸಿಗದಿದ್ದಾಗ ಇನ್ನೂ ನೂರು ಹಸುಗಳಿಗೆ ತಂದೆಯೇ ಕಟ್ಟುತ್ತಾನೆ. ಕಡಿಯುವವರು ಸಿಗದಿದ್ದಾಗ ಮತ್ತೂ ನೂರಕ್ಕೆ ಕತ್ತಿ ಮಸೆಯುತ್ತಾ ಬರುತ್ತಾನೆ.

ಕಂಬಕ್ಕೆ ಕಟ್ಟಿಸಿಕೊಂಡ ಹುಡುಗ ದೇವತೆಗಳನ್ನು ಒಬ್ಬೊಬ್ಬರನ್ನಾಗಿ ಪ್ರಾರ್ಥಿಸುತ್ತಾನೆ. ಕಟ್ಟುಗಳು ತಾವಾಗಿಯೇ ಕಳಚುತ್ತವೆ. ಆಮೇಲೆ ಅಜೀಗರ್ತ ಮಗನನ್ನು ಮನೆಗೆ ಕರೆಯುತ್ತಾನೆ. ಶುನಃಶೇಪ ಹೋಗುವುದಿಲ್ಲ. ವಿಶ್ವಾಮಿತ್ರ ಅವನನ್ನು ಮಗನಾಗಿ ಸ್ವೀಕರಿಸಿ ದೇವರಾತ, ಅಂದರೆ ದೇವರು ಕೊಟ್ಟವನು, ಎಂದು ಹೆಸರಿಡುತ್ತಾನೆ. ದೇವರಿಗೆ ಕೊಟ್ಟ ಹುಡುಗ ದೇವರು ಕೊಟ್ಟ ಹುಡುಗನಾದ. ದೇವರಿಗೆ ಬಲಿ ಬೇಕಿರಲಿಲ್ಲ, ಮನುಷ್ಯರಿಗೆ ಹಸು ಬೇಕಿತ್ತು ಎಂಬುದನ್ನು ಈ ಪ್ರಾಚೀನ ಕಥೆ ಮುಚ್ಚಿಡದೆ ಹೇಳುತ್ತದೆ.

ವರ್ಷಕ್ಕೊಂದು ಅಂಗಿ

ಪಶ್ಚಿಮ ಏಷ್ಯಾದ ಕಥೆಯೊಂದು ಬೇರೆಯೇ ಬಣ್ಣದ್ದು. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಎಲ್ಕಾನನಿಗೆ ಇಬ್ಬರು ಹೆಂಡಂದಿರು. ಪೆನಿನ್ನಳಿಗೆ ಮಕ್ಕಳಿದ್ದಾರೆ, ಹನ್ನಳಿಗೆ ಇಲ್ಲ. ಸವತಿಯ ಚುಚ್ಚುಮಾತು ತಾಳಲಾರದೆ ಹನ್ನ ಶಿಲೋ ಎಂಬ ಊರಿನ ದೇವಾಲಯದಲ್ಲಿ ತುಟಿಯಷ್ಟೇ ಅಲುಗುವಂತೆ ಪ್ರಾರ್ಥಿಸುತ್ತಾಳೆ. ಅದನ್ನು ನೋಡಿದ ಯಾಜಕ ಏಲಿ ಇವಳು ಕುಡಿದಿದ್ದಾಳೆಂದೇ ಭಾವಿಸುತ್ತಾನೆ. ಗಂಡುಮಗು ಹುಟ್ಟಿದರೆ ಅವನ ಜೀವಮಾನವೆಲ್ಲ ನಿನಗೇ ಎಂಬುದು ಅವಳ ಹರಕೆ. ಸಮುವೇಲ ಹುಟ್ಟುತ್ತಾನೆ. ಮೊಲೆ ಬಿಡಿಸುವವರೆಗೆ ತನ್ನಲ್ಲೇ ಇಟ್ಟುಕೊಂಡು, ಆಮೇಲೆ ಕರೆದೊಯ್ದು ಏಲಿಯ ಬಳಿ ಬಿಟ್ಟುಬರುತ್ತಾಳೆ.

ಈ ಕಥೆಯಲ್ಲಿ ಓದುಗರ ಮನಸ್ಸಿನಲ್ಲಿ ಉಳಿಯುವುದು ಒಂದು ಸಣ್ಣ ವಿವರ. ಪ್ರತಿ ವರ್ಷ ಗಂಡನೊಡನೆ ಶಿಲೋಗೆ ಹೋಗುವಾಗ ಹನ್ನ ಮಗನಿಗೊಂದು ಪುಟ್ಟ ಅಂಗಿ ಹೊಲಿದು ಒಯ್ಯುತ್ತಿದ್ದಳು. ಮಗ ಎಷ್ಟು ಬೆಳೆದಿರಬಹುದೆಂದು ಊಹಿಸಿ ಹೊಲಿಯಬೇಕು. ದೇವರಿಗೆ ಒಪ್ಪಿಸಿದ್ದೇನೆ, ಇನ್ನು ನನಗೇನು ಎಂದು ಅವಳು ಕೈತೊಳೆದುಕೊಳ್ಳಲಿಲ್ಲ. ಆಮೇಲೆ ಅವಳಿಗೆ ಮೂವರು ಗಂಡು, ಇಬ್ಬರು ಹೆಣ್ಣುಮಕ್ಕಳಾದರು ಎಂದು ಗ್ರಂಥ ಹೇಳುತ್ತದೆ. ಆದರೆ ಅಂಗಿಯ ಮಾತನ್ನು ಬರೆದಿಟ್ಟವನು ತಾಯ ಕರುಳನ್ನು ಬಲ್ಲವನೇ ಇರಬೇಕು.

ಬಲಿಪೀಠದ ಬಟ್ಟೆಯಲ್ಲಿ ಸುತ್ತಿದ ಕೈ

ಸಮುವೇಲನ ಕಥೆಯನ್ನು ಮಾದರಿಯಾಗಿಟ್ಟುಕೊಂಡು ಮಧ್ಯಯುಗದ ಯೂರೋಪು ಒಂದು ಪದ್ಧತಿಯನ್ನೇ ಕಟ್ಟಿತು. ಆರನೆಯ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟ್ ತನ್ನ ಮಠಗಳಿಗಾಗಿ ಬರೆದ ನಿಯಮಾವಳಿಯ 59ನೇ ಅಧ್ಯಾಯ ಮಕ್ಕಳನ್ನು ಮಠಕ್ಕೆ ಒಪ್ಪಿಸುವ ಕ್ರಮವನ್ನು ವಿವರಿಸುತ್ತದೆ. ಮಗು ಚಿಕ್ಕದಾಗಿದ್ದರೆ ತಂದೆತಾಯಿ ಒಪ್ಪಿಗೆಪತ್ರ ಬರೆಯಬೇಕು. ಆ ಪತ್ರವನ್ನೂ ಮಗುವಿನ ಕೈಯನ್ನೂ ಕಾಣಿಕೆಯ ಜತೆಗೆ ಬಲಿಪೀಠದ ಬಟ್ಟೆಯಲ್ಲಿ ಸುತ್ತಿ ಅರ್ಪಿಸಬೇಕು. ಮುಂದೆ ಎಂದೂ ಆ ಮಗುವಿಗೆ ಆಸ್ತಿಯಲ್ಲಿ ಪಾಲು ಕೊಡುವುದಿಲ್ಲವೆಂದು ಪ್ರಮಾಣ ಮಾಡಬೇಕು. ಆಸ್ತಿಯ ಆಸೆ ಹುಡುಗನನ್ನು ಹೊರಗೆ ಸೆಳೆಯಬಾರದೆಂಬುದು ಇದರ ಉದ್ದೇಶ. ಬಡವರಾದರೆ ಪತ್ರ ಬರೆದು, ಸಾಕ್ಷಿಗಳ ಮುಂದೆ ಮಗುವನ್ನು ಒಪ್ಪಿಸಿದರೆ ಸಾಕು.

ಮಕ್ಕಳನ್ನು ಹೀಗೆ ಒಪ್ಪಿಸುವುದಕ್ಕೆ ಭಕ್ತಿಯೊಂದೇ ಕಾರಣವಾಗಿರಲಿಲ್ಲ. ಆಸ್ತಿ ಹೋಳಾಗದಂತೆ ತಡೆಯುವುದು, ಅಂಗವಿಕಲ ಮಗುವಿಗೊಂದು ನೆಲೆ, ಹೆಣ್ಣುಮಕ್ಕಳ ವರದಕ್ಷಿಣೆಯ ಭಾರ ಹೀಗೆ ಲೌಕಿಕ ಕಾರಣಗಳೂ ಇದ್ದವು. ಆದರೆ ಭಕ್ತಿ ಸುಳ್ಳೆಂದು ಹೇಳುವಂತೆಯೂ ಇಲ್ಲ. ಮಠದ ಹೊರಗೆ ಯುದ್ಧ, ಕ್ಷಾಮ, ರೋಗ. ಒಳಗೆ ಎರಡು ಹೊತ್ತಿನ ಊಟ, ಅಕ್ಷರ, ಸಂಗೀತ, ಸತ್ತ ಮೇಲೆ ಸ್ವರ್ಗ. ತಮ್ಮ ಮಗುವಿಗೆ ಇದಕ್ಕಿಂತ ಒಳ್ಳೆಯದನ್ನು ಕೊಡಲಾರೆವೆಂದು ಅನೇಕರು ಪ್ರಾಮಾಣಿಕವಾಗಿಯೇ ನಂಬಿದ್ದರು.

ಇದರಿಂದ ಒಳ್ಳೆಯದೂ ಆಗಿದೆ. ಇಂಗ್ಲೆಂಡಿನ ಮೊದಲ ದೊಡ್ಡ ಚರಿತ್ರಕಾರ ಬೀಡ್ ಏಳು ವರ್ಷದ ಹುಡುಗನಾಗಿದ್ದಾಗ ಬಂಧುಗಳು ಅವನನ್ನು ಮಠಕ್ಕೆ ಒಪ್ಪಿಸಿದರು. ಅಲ್ಲೇ ಓದಿ, ಅಲ್ಲೇ ಬರೆದು, 735ರಲ್ಲಿ ಅಲ್ಲೇ ತೀರಿಕೊಂಡ. ಜರ್ಮನಿಯ ಹಿಲ್ಡೆಗಾರ್ಡ್ ತನ್ನ ಹೆತ್ತವರ ಹತ್ತನೆಯ ಮಗಳು ಎಂದು ಹೇಳುತ್ತಾರೆ. ಬೆಳೆಯಲ್ಲಿ ಹತ್ತನೆಯ ಒಂದು ಪಾಲು ಕೊಡುವಂತೆ ಹತ್ತನೆಯ ಮಗುವನ್ನು ಕೊಟ್ಟರು. ಅವಳು ಸಂಗೀತ, ವೈದ್ಯ, ಅನುಭಾವ ಮೂರರಲ್ಲೂ ಹೆಸರಾದಳು.

ಆದರೆ ಕೊಟ್ಟವರ ಕಣ್ಣೀರು, ಹೋದವರ ಕಣ್ಣೀರು ಎರಡೂ ದಾಖಲಾಗಿರುವುದು ಆರ್ಡೆರಿಕ್ ವಿಟಾಲಿಸ್ ಎಂಬ ಸನ್ಯಾಸಿಯ ಬರಹದಲ್ಲಿ. ಅವನು ಹುಟ್ಟಿದ್ದು 1075ರಲ್ಲಿ, ಇಂಗ್ಲೆಂಡಿನ ಶ್ರೂಸ್‌ಬರಿಯ ಹತ್ತಿರ. ತಂದೆ ಒಡೆಲೇರಿಯಸ್ ಪಾದ್ರಿ. ಹತ್ತು ವರ್ಷದ ಮಗನನ್ನು ತಂದೆ ಸಮುದ್ರದಾಚೆ ನಾರ್ಮಂಡಿಯ ಸೇಂಟ್ ಎವ್ರೂಲ್ ಮಠಕ್ಕೆ ಕಳಿಸಿದ. ಊರ ಬಳಿಯೇ ಇದ್ದರೆ ಬಂಧುಗಳ ಮೋಹ ದೇವರ ಸೇವೆಗೆ ಅಡ್ಡಿಯಾದೀತೆಂಬ ಅಂಜಿಕೆ. ಆಮೇಲೆ ತಂದೆ ಮಗ ಒಬ್ಬರನ್ನೊಬ್ಬರು ನೋಡಲಿಲ್ಲ.

ಚರ್ಚಿನ ಚರಿತ್ರೆಯನ್ನು ಹದಿಮೂರು ಭಾಗಗಳಲ್ಲಿ ಬರೆದ ಆರ್ಡೆರಿಕ್, 1141ರ ಸುಮಾರಿಗೆ ಅದನ್ನು ಮುಗಿಸುವಾಗ, ಅರವತ್ತೈದು ದಾಟಿದ ಮುದುಕ. ಗ್ರಂಥದ ಕೊನೆಯಲ್ಲಿ ಅವನು ತನ್ನ ಮಾತು ಆಡುತ್ತಾನೆ. ಅಳುತ್ತಿದ್ದ ತಂದೆ ಅಳುತ್ತಿದ್ದ ತನ್ನನ್ನು ಇನ್ನೊಬ್ಬ ಸನ್ಯಾಸಿಯ ಕೈಗೆ ಒಪ್ಪಿಸಿದ್ದನ್ನು, ಎದುರಾಡುವ ಧೈರ್ಯ ತನಗಿರದೇ ಇದ್ದುದನ್ನು, ಸನ್ಯಾಸಿಯಾದರೆ ಸ್ವರ್ಗ ಸಿಗುತ್ತದೆಂದು ತಂದೆ ಮಾತು ಕೊಟ್ಟಿದ್ದನ್ನು, ನಾರ್ಮಂಡಿಗೆ ಬಂದಾಗ ಸುತ್ತಲಿನವರ ಭಾಷೆ ತಿಳಿಯದೆ ಈಜಿಪ್ಟಿಗೆ ಮಾರಿಹೋದ ಯೋಸೇಫನಂತೆ ಕಂಗಾಲಾದದ್ದನ್ನು ನೆನೆಯುತ್ತಾನೆ. ತಂದೆಯನ್ನು ದೂರುವುದಿಲ್ಲ. ದೇವರಿಗೆ ಕೃತಜ್ಞತೆ ಹೇಳುತ್ತಾನೆ. ಆದರೆ 55 ವರ್ಷಗಳ ಹಿಂದಿನ ಆ ಬೀಳ್ಕೊಡುಗೆ ಅವನ ಮನಸ್ಸಿನಲ್ಲಿ ಹಸಿಯಾಗಿಯೇ ಇತ್ತೆಂಬುದು ಓದಿದವರಿಗೆ ತಿಳಿಯುತ್ತದೆ.

ಒಲ್ಲೆ ಎಂದವನು

ಎಲ್ಲರೂ ಆರ್ಡೆರಿಕ್‌ನಂತೆ ಒಪ್ಪಿಕೊಳ್ಳಲಿಲ್ಲ. ಅವನಿಗೂ ಸುಮಾರು ಎರಡೂವರೆ ಶತಮಾನ ಮೊದಲು, ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಬೆರ್ನೋ ಎಂಬ ಶ್ರೀಮಂತ ತನ್ನ ಮಗನನ್ನು ಫುಲ್ಡಾ ಮಠಕ್ಕೆ ಅರ್ಪಿಸಿದ್ದ. ಹುಡುಗನ ಹೆಸರು ಗಾಟ್‌ಶಾಲ್ಕ್. ಬೆಳೆದ ಮೇಲೆ ಅವನು ಒಲ್ಲೆ ಎಂದ. ತನ್ನ ಸ್ವಂತ ಒಪ್ಪಿಗೆಯಿಲ್ಲದೆ ತನ್ನನ್ನು ಸನ್ಯಾಸಿ ಮಾಡಿದ್ದು ಸಲ್ಲದು ಎಂಬುದು ಅವನ ವಾದ. 829ರಲ್ಲಿ ಮೈಂಜ್ ನಗರದಲ್ಲಿ ಸೇರಿದ ಧರ್ಮಸಭೆ ಅವನ ಮಾತನ್ನು ಒಪ್ಪಿ ಬಿಡುಗಡೆ ನೀಡಿತು.

ಫುಲ್ಡಾದ ಮಠಾಧೀಶ ರಬಾನುಸ್ ಮೌರುಸ್‌ಗೆ ಇದು ಸಹ್ಯವಾಗಲಿಲ್ಲ. ಅವನು ಆ ಕಾಲದ ದೊಡ್ಡ ವಿದ್ವಾಂಸ. ಅವನೂ ಬಾಲ್ಯದಲ್ಲೇ ಮಠಕ್ಕೆ ಒಪ್ಪಿಸಲ್ಪಟ್ಟವನೇ. ಅವನು ಚಕ್ರವರ್ತಿಯವರೆಗೂ ದೂರು ಒಯ್ದ. ಮಕ್ಕಳ ಅರ್ಪಣೆಯನ್ನು ಸಮರ್ಥಿಸಿ ಒಂದು ಗ್ರಂಥವನ್ನೇ ಬರೆದ. ಅವನ ಬೆಂಬಲಕ್ಕೆ ಹಳೆಯ ಶಾಸನವೂ ಇತ್ತು. 633ರಲ್ಲಿ ಸ್ಪೇನಿನ ತೊಲೆದೊ ಧರ್ಮಸಭೆ ತಂದೆಯ ಭಕ್ತಿಯಿಂದಾಗಲಿ ಸ್ವಂತ ಪ್ರತಿಜ್ಞೆಯಿಂದಾಗಲಿ ಸನ್ಯಾಸಿಯಾದವನಿಗೆ ಹಿಂದಿರುಗುವ ದಾರಿಯಿಲ್ಲ ಎಂದು ನಿರ್ಣಯಿಸಿತ್ತು. ದೇವರಿಗೆ ಒಮ್ಮೆ ಕೊಟ್ಟದ್ದನ್ನು ಹಿಂದಕ್ಕೆ ಪಡೆದರೆ ಅದು ದೇವರ ಸೊತ್ತನ್ನು ಕದ್ದಂತೆ ಎಂಬುದು ಈ ಪಕ್ಷದವರ ಭಾವನೆ.

ಮುಂದೆ ಗಾಟ್‌ಶಾಲ್ಕ್ ಮಠದ ಜೀವನವನ್ನು ಪೂರ್ತಿಯಾಗಿ ಬಿಡಲಾಗಲಿಲ್ಲ. ಬೇರೆ ಮಠಗಳಲ್ಲಿದ್ದು ದೈವಶಾಸ್ತ್ರಜ್ಞನಾದ. ಮೋಕ್ಷ ಯಾರಿಗೆ, ನರಕ ಯಾರಿಗೆ ಎಂಬುದನ್ನು ದೇವರು ಮೊದಲೇ ನಿಶ್ಚಯಿಸಿಬಿಟ್ಟಿದ್ದಾನೆ ಎಂದು ಬೋಧಿಸಿದ. 848ರಲ್ಲಿ, ಆಗ ಮೈಂಜಿನ ಆರ್ಚ್‌ಬಿಷಪ್ ಆಗಿದ್ದ ಅದೇ ರಬಾನುಸ್ ಇದನ್ನು ಪಾಷಂಡ ಮತವೆಂದು ಖಂಡಿಸಿದ. ಮರುವರ್ಷ ಗಾಟ್‌ಶಾಲ್ಕ್‌ಗೆ ಛಡಿಯೇಟು ಬಿತ್ತು. ಉಳಿದ ಆಯುಸ್ಸು ಫ್ರಾನ್ಸಿನ ಮಠವೊಂದರ ಬಂಧನದಲ್ಲಿ ಕಳೆಯಿತು. ಅವನ ಹೆಸರಿನ ಅರ್ಥ ಕನ್ನಡಿಗರಿಗೆ ಕುತೂಹಲಕರ. ಗಾಟ್ ಎಂದರೆ ದೇವರು, ಶಾಲ್ಕ್ ಎಂದರೆ ಸೇವಕ. ನಮ್ಮ ಮಾತಿನಲ್ಲಿ ಹೇಳುವುದಾದರೆ ದೇವದಾಸ.

ಅವನು ಎತ್ತಿದ ಪ್ರಶ್ನೆ ಮಾತ್ರ ಸಾಯಲಿಲ್ಲ. 12ನೇ ಶತಮಾನದಲ್ಲಿ ಸಿಸ್ಟರ್ಸಿಯನ್ ಪಂಥದವರು ಚಿಕ್ಕ ಮಕ್ಕಳನ್ನು ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿದರು. ತಾನೇ ತಿಳಿದು ಆರಿಸಿಕೊಂಡ ಸನ್ಯಾಸವೇ ಸನ್ಯಾಸ ಎಂಬ ಭಾವನೆ ಬಲವಾಯಿತು. 1563ರಲ್ಲಿ ಟ್ರೆಂಟ್ ಧರ್ಮಸಭೆ ಹದಿನಾರು ತುಂಬದೆ ಯಾರೂ ಸನ್ಯಾಸದ ಪ್ರತಿಜ್ಞೆ ಮಾಡಕೂಡದೆಂದು ವಿಧಿಸಿತು.

ಅಜ್ಜ ಕೇಳಿದ ವರ

ಭಾರತದಲ್ಲಿ ಈ ಪ್ರಶ್ನೆ ಬುದ್ಧನ ಮನೆಯಲ್ಲೇ ಎದ್ದಿತ್ತು. ಜ್ಞಾನೋದಯದ ನಂತರ ಬುದ್ಧ ಕಪಿಲವಸ್ತುವಿಗೆ ಬಂದಾಗ ಮಗ ರಾಹುಲ ತಾಯಿಯ ಮಾತಿನಂತೆ ತಂದೆಯ ಹಿಂದೆ ಹೋಗಿ ತನ್ನ ಪಿತ್ರಾರ್ಜಿತವನ್ನು ಕೇಳಿದ. ಬುದ್ಧನ ಬಳಿ ಇದ್ದ ಆಸ್ತಿ ಒಂದೇ. ಸಾರಿಪುತ್ರನನ್ನು ಕರೆದು ಹುಡುಗನಿಗೆ ದೀಕ್ಷೆ ಕೊಡಿಸಿದ. ಆಗ ರಾಹುಲನಿಗೆ ಏಳು ವರ್ಷವೆಂದು ಸಂಪ್ರದಾಯ.

ಸುದ್ದಿ ತಿಳಿದ ಶುದ್ಧೋದನ ಮಗನ ಬಳಿಗೆ ಬಂದ. ನೀನು ಹೋದಾಗ ದುಃಖಪಟ್ಟೆ, ನಂದ ಹೋದಾಗ ದುಃಖಪಟ್ಟೆ, ಈಗ ರಾಹುಲ ಹೋದಾಗ ಆ ದುಃಖ ಎಲ್ಲೆ ಮೀರಿತು ಎಂದು ತೋಡಿಕೊಂಡ. ಇನ್ನು ಮುಂದೆ ತಂದೆತಾಯಿಯ ಒಪ್ಪಿಗೆಯಿಲ್ಲದೆ ಯಾರ ಮಗನಿಗೂ ದೀಕ್ಷೆ ಕೊಡಬಾರದೆಂದು ವರ ಕೇಳಿದ. ಬುದ್ಧ ಒಪ್ಪಿ ಅದನ್ನು ಸಂಘದ ನಿಯಮವಾಗಿ ಮಾಡಿದ. ಪೂರ್ಣ ಭಿಕ್ಷುವಾಗಲು ಇಪ್ಪತ್ತು ವರ್ಷ ತುಂಬಿರಬೇಕೆಂಬ ಕಟ್ಟಳೆಯೂ ವಿನಯಪಿಟಕದಲ್ಲಿದೆ. ಬೈಲುಕುಪ್ಪೆಯ ಟಿಬೆಟನ್ ಮಠಗಳಲ್ಲಿ ಕಾಣುವ ಕೆಂಪು ವಸ್ತ್ರದ ಪುಟ್ಟ ಹುಡುಗರು ಇನ್ನೂ ಪೂರ್ಣ ಭಿಕ್ಷುಗಳಲ್ಲ, ಆ ದಾರಿಯಲ್ಲಿರುವವರು.

ಯೂರೋಪಿನಲ್ಲಿ ಮಗ ತಂದೆಯ ವಿರುದ್ಧ ದೂರು ತಂದ. ಇಲ್ಲಿ ಅಜ್ಜ ಮೊಮ್ಮಗನ ಪರವಾಗಿ ಬಂದ. ಎರಡೂ ಕಡೆ ಧರ್ಮಸಂಸ್ಥೆ ತನ್ನ ನಿಯಮವನ್ನು ತಿದ್ದಿಕೊಳ್ಳಬೇಕಾಯಿತು.

ಹೆತ್ತವರ ಒಪ್ಪಿಗೆಯ ಮಾತು ನಮ್ಮ ಆಚಾರ್ಯರ ಚರಿತ್ರೆಗಳಲ್ಲೂ ಮತ್ತೆ ಮತ್ತೆ ಬರುತ್ತದೆ. ಕಾಲಡಿಯ ಹೊಳೆಯಲ್ಲಿ ಮೊಸಳೆ ಕಾಲು ಹಿಡಿದಾಗ ಬಾಲಕ ಶಂಕರ ತಾಯಿಯಿಂದ ಸನ್ಯಾಸಕ್ಕೆ ಅನುಮತಿ ಪಡೆದ ಕಥೆ ಎಲ್ಲರಿಗೂ ಗೊತ್ತು. ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರ ಕಥೆ ಇದಕ್ಕಿಂತ ಕರುಣಾಜನಕ. ಅವರ ಹೆತ್ತವರು ಎರಡು ಗಂಡುಮಕ್ಕಳನ್ನು ಕಳೆದುಕೊಂಡು, ಉಡುಪಿಯ ಅನಂತೇಶ್ವರನಲ್ಲಿ ಹನ್ನೆರಡು ವರ್ಷ ವ್ರತವಿದ್ದು ಪಡೆದ ಮಗ ವಾಸುದೇವ. ಆ ಮಗನೇ ಸನ್ಯಾಸ ಬೇಕೆಂದಾಗ ತಂದೆ ಮಧ್ಯಗೇಹ ಭಟ್ಟರು ತಡೆದರು. ನಿಮ್ಮನ್ನು ನೋಡಿಕೊಳ್ಳಲು ತಮ್ಮನೊಬ್ಬ ಹುಟ್ಟುತ್ತಾನೆ, ಅಲ್ಲಿಯವರೆಗೆ ನಾನು ಸನ್ಯಾಸ ಸ್ವೀಕರಿಸುವುದಿಲ್ಲ ಎಂದು ಮಗ ಮಾತು ಕೊಟ್ಟನೆಂದೂ, ತಮ್ಮ ಹುಟ್ಟಿದ ಮೇಲೆಯೇ ಅಚ್ಯುತಪ್ರೇಕ್ಷರಿಂದ ದೀಕ್ಷೆ ಪಡೆದನೆಂದೂ ಮಧ್ವ ಸಂಪ್ರದಾಯ ಹೇಳುತ್ತದೆ. ಆ ತಮ್ಮನೇ ಮುಂದೆ ವಿಷ್ಣುತೀರ್ಥರಾದರು. ಇಲ್ಲಿ ಹೊರಟವನು ಮಗ, ಒಪ್ಪಬೇಕಾದವರು ಹೆತ್ತವರು. ದೇವರ ಮೇಲೆ ಭರವಸೆ ಇಡುವ ಕಷ್ಟ ಅವರ ಪಾಲಿಗೆ ಬಂತು.

ಶಿರಹಟ್ಟಿಯ ಫಕೀರೇಶ್ವರ ಮಠದ ಐತಿಹ್ಯದಲ್ಲಿ ಈ ಭರವಸೆ ಧರ್ಮದ ಗೆರೆಯನ್ನೂ ದಾಟುತ್ತದೆ. ಮಕ್ಕಳಿಲ್ಲದ ಲಿಂಗಾಯತ ದಂಪತಿಗಳು ವಿಜಾಪುರದ ಸೂಫಿ ಸಂತ ಖ್ವಾಜಾ ಅಮೀನುದ್ದೀನರ ಆಶೀರ್ವಾದ ಬೇಡಿದರು. ಹುಟ್ಟುವ ಮೊದಲ ಮಗನನ್ನು ತನಗೆ ಒಪ್ಪಿಸಬೇಕೆಂಬ ಮಾತಿನ ಮೇಲೆ ಸಂತ ಹರಸಿದ. ಮಾತಿನಂತೆ ಒಪ್ಪಿಸಿದ ಮಗ ಫಕೀರ ಚನ್ನವೀರನಾಗಿ ಎರಡೂ ಧರ್ಮದವರ ಗುರುವಾದ. ಹಿಂದೂ ಮನೆಗಳಲ್ಲಿ ಫಕೀರಪ್ಪ ಎಂಬ ಹೆಸರು ಉಳಿದುಬಂದಿರುವುದರ ಹಿಂದೆ ಇಂಥ ನಂಬಿಕೆಗಳಿವೆ.

ಕತ್ತಿಯ ಮುಂದಿನ ಮಾತು

ಅತ್ಯಂತ ಪ್ರಿಯವಾದುದನ್ನು ದೇವರು ಬೇಡಿದನೆಂಬ ಕಥೆಗಳ ತುದಿಯಲ್ಲಿರುವುದು ಸಿರಿಯಾಳನದು ಮತ್ತು ಇಬ್ರಾಹಿಮನದು. ಜಂಗಮ ರೂಪದಲ್ಲಿ ಬಂದ ಶಿವನ ಊಟಕ್ಕೆ ಕಂಚಿಯ ಸಿರಿಯಾಳಸೆಟ್ಟಿ ಮತ್ತು ಅವನ ಹೆಂಡತಿ ಚಂಗಳೆ ಮಗ ಚೀಲಾಳನನ್ನೇ ಕೊಯ್ದು ಬಡಿಸಿದರೆಂದು ನಮ್ಮ ಶೈವ ಪರಂಪರೆ ಹೇಳುತ್ತದೆ. ಕೊನೆಯಲ್ಲಿ ಶಿವನ ಕೃಪೆಯಿಂದ ಮಗ ಬದುಕಿ ಬರುತ್ತಾನೆ. ತಮಿಳಿನ ಪೆರಿಯ ಪುರಾಣದಲ್ಲಿ ಇದೇ ಭಕ್ತ ಸಿರುತ್ತೊಂಡರ್. ಅವನು ಮೊದಲು ಪಲ್ಲವರ ದಂಡನಾಯಕನಾಗಿ ವಾತಾಪಿಯನ್ನು, ಅಂದರೆ ನಮ್ಮ ಬಾದಾಮಿಯನ್ನು, ಗೆದ್ದವನೆಂದು ಅಲ್ಲಿ ಹೇಳಿದೆ.

ಅಬ್ರಹಾಮನ ಕಥೆ ಬೈಬಲಿನಲ್ಲೂ ಕುರ್‌ಆನಿನಲ್ಲೂ ಇದೆ. ಎರಡರ ನಡುವೆ ಒಂದು ಮುಖ್ಯ ವ್ಯತ್ಯಾಸವುಂಟು. ಬೈಬಲಿನಲ್ಲಿ ಮಗ ಇಸಾಕನಿಗೆ ವಿಷಯ ತಿಳಿದಿಲ್ಲ. ಬೆಂಕಿಯಿದೆ, ಸೌದೆಯಿದೆ, ಬಲಿಗೆ ಕುರಿ ಎಲ್ಲಿ ಎಂದು ಕೇಳುತ್ತಾನೆ. ಕುರ್‌ಆನಿನಲ್ಲಿ ತಂದೆ ತನಗೆ ಬಿದ್ದ ಕನಸನ್ನು ಮಗನಿಗೆ ಹೇಳಿ, ನಿನ್ನ ಅಭಿಪ್ರಾಯವೇನು ಎಂದು ಕೇಳುತ್ತಾನೆ. ಮಗ ಒಪ್ಪುತ್ತಾನೆ. ಅಲ್ಲಿ ಮಗನ ಹೆಸರಿಲ್ಲ. ಅವನು ಇಸ್ಮಾಯಿಲ್ ಎಂಬುದು ಬಹುಪಾಲು ಮುಸಲ್ಮಾನರ ನಂಬಿಕೆ. ಬಕ್ರೀದ್ ಹಬ್ಬ ನೆನಪಿಸುವುದು ತಂದೆಯ ಶರಣಾಗತಿಯನ್ನು ಮಾತ್ರವಲ್ಲ, ಮಗನ ಒಪ್ಪಿಗೆಯನ್ನೂ ಹೌದು. ಎರಡೂ ಕಥೆಗಳಲ್ಲಿ ದೇವರು ಕೈ ತಡೆಯುತ್ತಾನೆ, ಮಗ ಉಳಿಯುತ್ತಾನೆ.

ಮೂರು ಕಥೆಗಳೂ ಮಗ ಬದುಕುವಲ್ಲಿಗೇ ಮುಗಿಯುತ್ತವೆ ಎಂಬುದನ್ನು ಮರೆಯಬಾರದು. ಇವು ಮಾಡಬೇಕಾದ ಕೆಲಸದ ವಿವರವಲ್ಲ, ಭಕ್ತಿಯ ಆಳವನ್ನು ಅಳೆಯುವ ಕಥೆಗಳು. ಕಥೆಯನ್ನು ಕಟ್ಟಳೆಯೆಂದು ತಿಳಿದಾಗ ಅನಾಹುತವಾಗುತ್ತದೆ.

ಕೊರಳಿಗೆ ಕಟ್ಟಿದ ಮುತ್ತು

ಅಂಥ ಅನಾಹುತವನ್ನು ಕರ್ನಾಟಕ ಕಣ್ಣಾರೆ ಕಂಡಿದೆ. ಮಗುವಿಗೆ ಕಾಯಿಲೆ, ಮನೆಯಲ್ಲಿ ಸಾಲು ಸಾಲು ಸಾವು, ಗಂಡುಮಕ್ಕಳಿಲ್ಲ, ಇಲ್ಲವೇ ಹುಡುಗಿಯ ಕೂದಲು ಜಡೆಗಟ್ಟಿತು. ಇದೆಲ್ಲ ಎಲ್ಲಮ್ಮನ ಕರೆ ಎಂದು ಬಗೆದು ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವಿಗೆ ಬಿಡುವ ಪದ್ಧತಿ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಬಹುಕಾಲ ನಡೆಯಿತು. ಬಿಟ್ಟವರಲ್ಲಿ ಹೆಚ್ಚಿನವರು ದಲಿತ ಕುಟುಂಬಗಳ ಬಡವರು. ಅವರ ಭಯ ನಿಜವಾದದ್ದೇ, ನಂಬಿಕೆಯೂ ನಿಜವಾದದ್ದೇ. ಆದರೆ ದೇವಿಯ ಹೆಸರಿನಲ್ಲಿ ಬಿಟ್ಟ ಹುಡುಗಿಯನ್ನು ದೇವಿ ಕೊಂಡೊಯ್ಯಲಿಲ್ಲ, ಊರಿನ ಉಳ್ಳವರು ಕೊಂಡೊಯ್ದರು. ಅವಳಿಗೆ ಮದುವೆಯಿಲ್ಲ, ಅವಳ ಮಕ್ಕಳಿಗೆ ತಂದೆಯ ಹೆಸರಿಲ್ಲ. ಅಜೀಗರ್ತನ ನೂರು ಹಸುಗಳ ವ್ಯಾಪಾರವೇ ಬೇರೆ ರೂಪದಲ್ಲಿ ನಡೆಯಿತು.

ಮುಂಬಯಿ ಪ್ರಾಂತ 1934ರಲ್ಲಿ, ಮದರಾಸು ಪ್ರಾಂತ 1947ರಲ್ಲಿ ಇದರ ವಿರುದ್ಧ ಕಾನೂನು ತಂದವು. ಕರ್ನಾಟಕ ತನ್ನದೇ ಆದ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆಯನ್ನು 1982ರಲ್ಲಿ ರೂಪಿಸಿತು. ಆಗ ಈ ಕಾಯ್ದೆಯಲ್ಲಿದ್ದ ಎರಡು ಅಂಶಗಳು ಇಲ್ಲಿ ಪ್ರಸ್ತುತ. ಒಂದು, ಹೆಣ್ಣು ಒಪ್ಪಿರಲಿ ಒಪ್ಪದಿರಲಿ, ಸಮರ್ಪಣೆಯೇ ಅಸಿಂಧು. ಹಿಂದೆ ನಡೆದದ್ದೂ ಅಸಿಂಧು, ಹಾಗೆ ಬಿಟ್ಟವಳ ಮದುವೆಗೆ ಅಡ್ಡಿಯಿಲ್ಲ. ಎರಡು, ಸಮರ್ಪಣೆ ಮಾಡಿಸಿದವರು ಹೊರಗಿನವರಾದರೆ ಮೂರು ವರ್ಷದವರೆಗೆ ಸೆರೆ. ಅವರು ಹೆತ್ತವರೋ, ಪೋಷಕರೋ, ಬಂಧುಗಳೋ ಆಗಿದ್ದರೆ ಐದು ವರ್ಷದವರೆಗೆ. ಮಗುವಿನ ಮೇಲೆ ಹೆಚ್ಚಿನ ಹಕ್ಕುಳ್ಳವರಿಗೆ ಹೆಚ್ಚಿನ ಹೊಣೆ ಎಂಬುದು ಇದರ ಅರ್ಥ. 829ರಲ್ಲಿ ಒಬ್ಬ ದೇವದಾಸ ಜರ್ಮನಿಯಲ್ಲಿ ಕೇಳಿದ ನ್ಯಾಯ ಇಲ್ಲಿನ ದೇವದಾಸಿಯರಿಗೆ ಕಾಗದದ ಮೇಲಾದರೂ ದೊರೆಯಲು ಹನ್ನೊಂದೂವರೆ ಶತಮಾನ ಹಿಡಿಯಿತು.

ಪ್ರಶ್ನೆ ಇಲ್ಲಿಗೆ ಮುಗಿದಿಲ್ಲ. ಬಾಲದೀಕ್ಷೆ, ಬಾಲಸನ್ಯಾಸಗಳ ಬಗ್ಗೆ ವಾದ ನಡೆದೇ ಇದೆ. ಉಡುಪಿಯ ಅಷ್ಟಮಠಗಳಲ್ಲೊಂದಕ್ಕೆ ಹದಿನೆಂಟು ತುಂಬದ ಹುಡುಗನನ್ನು ಪೀಠಾಧಿಪತಿಯನ್ನಾಗಿ ಮಾಡಿದ್ದನ್ನು ಪ್ರಶ್ನಿಸಿದ ಅರ್ಜಿಯನ್ನು 2021ರಲ್ಲಿ ಕರ್ನಾಟಕ ಹೈಕೋರ್ಟ್ ವಜಾ ಮಾಡಿತು. ಬಾಲಸನ್ಯಾಸವನ್ನು ತಡೆಯುವ ಕಾನೂನಿಲ್ಲ ಎಂಬುದು ನ್ಯಾಯಾಲಯ ಕಂಡ ಅಂಶ. ಇನ್ನೊಂದೆಡೆ, ಮಗುವಿಗೆ ಸಂಬಂಧಿಸಿದ ವಿಷಯಗಳಲ್ಲಿ ಮಗುವಿನ ಮಾತನ್ನೂ ಕೇಳಬೇಕೆನ್ನುವ ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರಲ್ಲೇ ಸೇರಿದೆ. ಸನ್ಯಾಸ ಪರಂಪರೆಗೂ ದೇವದಾಸಿ ಪದ್ಧತಿಗೂ ಹೋಲಿಕೆ ಸಲ್ಲದು. ಒಂದರಲ್ಲಿ ಗೌರವ, ವಿದ್ಯೆಗಳಿವೆ, ಇನ್ನೊಂದರಲ್ಲಿ ಶೋಷಣೆ. ಆದರೂ ಮಗುವನ್ನು ಕೇಳಿದಿರಾ ಎಂಬ ಪ್ರಶ್ನೆ ಎರಡು ಕಡೆಯೂ ಸಲ್ಲುತ್ತದೆ.

ದೇವರ ಮೇಲೆ ಭಾರ ಹಾಕುವುದು ಮನುಷ್ಯನಿಗೆ ಅಗತ್ಯವಾದ ಧೈರ್ಯ. ಆಸ್ಪತ್ರೆಯ ಹೊರಗೆ ಕುಳಿತ ತಂದೆಗೆ, ಮಗನನ್ನು ದೂರದೇಶಕ್ಕೆ ಕಳಿಸಿದ ತಾಯಿಗೆ ಇದರಷ್ಟು ಬಲ ಕೊಡುವುದು ಇನ್ನೊಂದಿಲ್ಲ. ನಮ್ಮ ಕೈ ಮೀರಿದ್ದನ್ನು ದೇವರ ಕೈಗಿಡುವುದು ಭರವಸೆ. ನಮ್ಮ ಕೈಯಲ್ಲೇ ಇರುವ ಹೊಣೆಯನ್ನೂ ಅವನ ಮೇಲೆ ಹೊರಿಸಿ ಹೊರಟುಬಿಡುವುದು ಭರವಸೆಯಲ್ಲ. ಚರಿತ್ರೆಯಲ್ಲಿ ಈ ಎರಡೂ ಒಂದೇ ಹೆಸರಿನಲ್ಲಿ ನಡೆದಿವೆ.

ಎರಡರ ಗುರುತು ಹಿಡಿಯಲು ಹನ್ನಳ ಅಂಗಿ ಸಾಕು. ಮಗನನ್ನು ದೇವರಿಗೆ ಕೊಟ್ಟ ಮೇಲೂ ಅವನು ಎಷ್ಟು ಬೆಳೆದಿದ್ದಾನೆ ಎಂದು ಪ್ರತಿ ವರ್ಷ ಹೋಗಿ ನೋಡಿಬಂದವಳು ಅವಳು.